ಕೂಳೆ

ಬೆಲ್ಲದ ಲಾರಿ
ನಸುಕಿನ ನಾಲ್ಕಕ್ಕೇ ಮಂಡಿಯ ಮುಂದೆ ನಿಂತು ಕೆಮ್ಮುತ್ತದೆ.
ನನ್ನ ಅಲಾರಂ ಅದೇ.
ಕೆಳಗೆ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಹಮಾಲರ ಬೀಡಿ;
ಮೇಲೆ ಹತ್ತಡಿ ಹನ್ನೆರಡಡಿ ಕೋಣೆಯಲ್ಲಿ
ನಾನು, ಒಂದು ಟೇಬಲ್ ಫ್ಯಾನು,
ಕನ್ಸಾಲಿಡೇಷನ್ನಿನ ಹದಿನೆಂಟು ಲೆಕ್ಕ,
ಮತ್ತೆ ಇರುವೆಗಳು.
ಮಂಡ್ಯದಲ್ಲಿ ಸಕ್ಕರೆ ಡಬ್ಬಿ ಖಾಲಿ ಇದ್ದರೂ ಇರುವೆ ಬರುತ್ತವೆ,
ಪುಸ್ತಕದ ಬೆನ್ನಿನ ಗೋಂದಿಗೆ.

ಮೇ ತಿಂಗಳಲ್ಲಿ ಒಂದು ಸಲ, ನವೆಂಬರಿನಲ್ಲಿ ಒಂದು,
ಮತ್ತೆ ಮೇ.
ಮೂರನೆಯ ಸಲದ ಒಟ್ಟು ನೂರ ನಲವತ್ತೊಂದು.
ಬೇಕಿದ್ದದ್ದು ನೂರೈವತ್ತು.
ಒಂದೊಂದು ಪೇಪರಿನಲ್ಲೂ ದಾಟಿ ಒಟ್ಟಿನಲ್ಲಿ ಮುಳುಗಿದ್ದನ್ನು
ಅಮ್ಮನಿಗೆ ಬಿಡಿಸಿ ಹೇಳಲು
ಮಳವಳ್ಳಿಯವರೆಗೆ ಒಂದು ಇಡೀ ಬಸ್ಸು ಹಿಡಿಯಿತು.
ಕೊನೆಗೆ ಕೇಳಿದಳು:
"ಹಂಗಾರೆ ಯಾವುದ್ರಲ್ಲೂ ಫೇಲಾಗ್ದೆ ಫೇಲಾದ್ಯಾ?"
ಕಂಡಕ್ಟರೂ ತಿರುಗಿ ನೋಡಿದ.

ಗೋಡೆಗೆ ಅಂಟಿಸಿದ್ದ ಹುರುಪಿನ ಮಾತು
ಮಳೆಗಾಲದ ಥಂಡಿಗೆ ಒಂದೊಂದೇ ಮೂಲೆ ಬಿಟ್ಟು ಬಿತ್ತು.
ಉಳಿದದ್ದು ಫರ್ಹೀನಳ ನೋಟ್ಸು.
ಪಾಸಾದ ವಾರವೇ ಬಸ್ಸಿಗೆ ಹಾಕಿ ಕಳಿಸಿದ್ದಳು, ಹಸಿರು ಶಾಯಿ,
ಅಂಚಿನಲ್ಲಿ ಎರಡು ಕಡೆ ಪುಟ್ಟದಾಗಿ: "ಇಲ್ಲಿ ಅತ್ತೆ."
ಯಾರ ಅತ್ತೆ, ಇವಳಿಗೆ ಮದುವೆಯೇ ಆಗಿಲ್ಲವಲ್ಲ
ಎಂದು ಅರ್ಧ ದಿನ ಯೋಚಿಸಿದ್ದೇನೆ.
ಆ ಎರಡು ಪುಟ ಈಗ ನನಗೆ ಬಾಯಿಪಾಠ.

ಮಂಡಿಯ ಗುಮಾಸ್ತ ಬೋರಲಿಂಗಯ್ಯ,
ನಲವತ್ತೆರಡು ವರ್ಷ ಕೆಂಪು ಬಟ್ಟೆಯ ಖಾತೆ ಬರೆದವರು,
ಈಗ ಕಂಪ್ಯೂಟರಿನ ಪಕ್ಕವೇ ಕೂತು ಅದನ್ನು ನಂಬದವರು,
ತಾಳೆಯಾಗದ ಹಾಳೆ ಹಿಡಿದು ಮೆಟ್ಟಿಲು ಹತ್ತಿ ಬಂದರು.
ನಿಂದು ಎಷ್ಟರಲ್ಲಿ ಹೋಯ್ತು, ಎಂದರು.
ಒಂಬತ್ತು, ಎಂದೆ.
"ಒಂಬತ್ತಾ? ಹಂಗಾದ್ರೆ ತಪ್ಪು ದೊಡ್ಡದಲ್ಲ ಬಿಡವ್ವ.
ಒಂಬತ್ತರಲ್ಲಿ ಭಾಗ ಹೋಯ್ತು ಅಂದ್ರೆ
ಎಲ್ಲೋ ಎರಡಂಕಿ ಜಾಗ ಬದಲಾಯ್ಸಿರ್ತವೆ.
ಅರವತ್ಮೂರು ಮೂವತ್ತಾರಾಗಿರ್ತದೆ. ಹುಡುಕು."

ಹುಡುಕಿದೆ.
ಬರುತ್ತಿದ್ದ ಪ್ರಶ್ನೆಯನ್ನು ಕೊನೆಗಿಟ್ಟದ್ದು,
ಬಾರದ್ದಕ್ಕೆ ಮೊದಲ ಮುಕ್ಕಾಲು ಗಂಟೆ ಸುರಿದದ್ದು,
ಹಗಲು ನಿದ್ದೆಗೆ, ರಾತ್ರಿ ಓದಿಗೆ ಹೋದದ್ದು.
ಜಾಗ ಬದಲಾಯಿಸಿದವು ಎರಡೇ ಅಲ್ಲ, ಬೋರಲಿಂಗಯ್ಯನೋರೆ.

ನಿನ್ನೆ ರಾತ್ರಿ ಹನ್ನೊಂದಕ್ಕೆ
ಬೇಸಾಯದ ಲೆಕ್ಕದ ಅಧ್ಯಾಯ ತೆಗೆದೆ.
ಎಲ್ಲರೂ ಬಿಟ್ಟುಬಿಡುವಂಥದ್ದು,
ಕೀಲಾರದಲ್ಲಿ ಹುಟ್ಟಿಯೂ ನಾನು ಮೂರು ಸಲ ಬಿಟ್ಟದ್ದು.
ಕಡಿದ ಕಬ್ಬು ಫಸಲು,
ಮಾರುವ ಖರ್ಚು ಕಳೆದು ಆವತ್ತಿನ ಪೇಟೆಯ ಬೆಲೆ ಅದಕ್ಕೆ.
ಬೇರು ಹಾಗಲ್ಲ.
ಮತ್ತೆ ಮತ್ತೆ ಕೊಡುವ ಬೇರನ್ನು
ಯಂತ್ರದ, ಕಟ್ಟಡದ ಸಾಲಿನಲ್ಲಿ ಬರೆಯಬೇಕು,
ವರ್ಷವರ್ಷ ಸವಕಳಿ ಕಳೆಯುತ್ತ.

ಪೆನ್ನು ಕೆಳಗಿಟ್ಟೆ.
ಇದು ಕೂಳೆಯಲ್ಲವೇ!
ತರಗು ಸುಟ್ಟು, ಮೋಟು ಸವರಿ, ನೀರು ಬಿಟ್ಟರೆ
ಹದಿನೈದು ದಿನಕ್ಕೆ ಕಣ್ಣೊಡೆಯುವ ಕೂಳೆ,
ದೊಡ್ಡಪ್ಪನ ಗದ್ದೆಯಲ್ಲಿ ಬರಿಗಾಲಲ್ಲಿ ಓಡಿ
ಅಂಗಾಲು ಸೀಳಿಕೊಂಡ ಕೂಳೆ.
ಮೊದಲ ಕೂಳೆ ತನಿಗಿಂತ ಚೆನ್ನ ಕಣೋ,
ಎರಡನೇದು ಜಲ್ಲೆ ಸಣ್ಣ, ಸಿಹಿ ಗಟ್ಟಿ ಎನ್ನುತ್ತಿದ್ದರು ದೊಡ್ಡಪ್ಪ.
ಬೆರಳು ಮಡಚಿದೆ:
ತನಿ ಒಂದು, ಕೂಳೆ ಎರಡು,
ಬರುವ ನವೆಂಬರಿನದು ಮೂರನೆಯ ಕೂಳೆ.
ಅದರ ಬಗ್ಗೆ ದೊಡ್ಡಪ್ಪ ಏನೂ ಹೇಳಿಲ್ಲ.

ಲಾರಿ ಕೆಮ್ಮಿತು.
ಬೋರಲಿಂಗಯ್ಯನವರ ಹಾಳೆ ಮೇಜಿನ ಮೇಲೇ ಇತ್ತು.
ಹದಿನೇಳನೆಯ ಸಾಲು: ಐವತ್ನಾಲ್ಕು ಕ್ವಿಂಟಾಲು ಬಂದದ್ದು
ನಲವತ್ತೈದು ಎಂದು ಇಳಿದಿದೆ.
ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ
ಮೆಟ್ಟಿಲ ಮೇಲೆ ಕಲ್ಲಿಟ್ಟು ಬಂದೆ.

ಗುಡ್‌ವಿಲ್ಲಿನ ಮೊತ್ತದ ಮೇಲೆ ಒಂದು ಇರುವೆ ನಡೆಯುತ್ತಿತ್ತು,
ಸೊನ್ನೆ ದಾಟಿ ಸೊನ್ನೆ.
ಅದು ಅಂಚು ಮುಟ್ಟುವವರೆಗೆ ಕಾದು
ಪುಟ ತಿರುಗಿಸಿದೆ.