ಯಾರ ಪೈಕಿ

ರಾತ್ರಿ ಹನ್ನೆರಡಕ್ಕೆ ಸರಿಯಾಗಿ
ಮೌನೇಶನ ಹೆಸರಿನ ಪಕ್ಕದ ಹಸಿರು ಚುಕ್ಕೆ
ಬೂದಿಯಾಯಿತು.
ಅವನೊಬ್ಬನದೇ ಅಲ್ಲ,
ಗಿಣಿಗೇರಿ ಪ್ಲಾಂಟಿನ ನೂರಾ ಹನ್ನೊಂದು ಮಂದಿ,
ತೂಕದ ಮನೆ, ಲ್ಯಾಬು, ಸ್ಟೋರು,
ಒಂದೇ ಉಸಿರಿಗೆ ಊದಿ ಆರಿಸಿದ ಹಾಗೆ.

ಮುಂಡರಗಿಯ ನಮ್ಮ ಕಾರ್ಖಾನೆಗೂ ಅವರದಕ್ಕೂ ನಡುವೆ
ತೊಂಬತ್ತು ಚಿಲ್ಲರೆ ಕಿಲೋಮೀಟರು, ಒಂದು ಡ್ಯಾಮು,
ಮತ್ತೆ ಒಂದು ಪ್ರಮಾಣಪತ್ರ.
ಅದರ ಆಯಸ್ಸು ತೀರಿತ್ತು.
ತೀರುತ್ತದೆ ಎಂದು ಮೂರು ಸಲ ಬಂದ ಎಚ್ಚರಿಕೆ
ಕೆಲಸ ಬಿಟ್ಟುಹೋದ ಗಾದಿಲಿಂಗನ ಮೇಲ್‌ನಲ್ಲಿ
ಓದದೆ ಮಲಗಿತ್ತು.

ಹೊಸದು ಮಾಡಿಸಿದೆ. ಅಲ್ಲಿಂದ ಒಂದೇ ಉತ್ತರ:
ಹೆಸರು ಕೂಡುತ್ತಿಲ್ಲ.
ಹಳೆಯದರಲ್ಲಿ ದೊರೆಗಳು ಬರೆದ ನಮ್ಮೂರು,
'ಬಿ' ಆದಮೇಲೆ 'ಇ', ತುದಿಯಲ್ಲಿ 'ವೈ'.
ಹೊಸದರಲ್ಲಿ ನಾವು ಕರೆಯುವ ಬಳ್ಳಾರಿ, 'ಎ' ಮತ್ತು 'ಐ'.
ಊರು ಹೆಸರು ತಿದ್ದಿಕೊಂಡು ವರ್ಷಗಳಾದವು,
ಬಸ್ಸಿನ ಬೋರ್ಡುಗಳೂ ಕಲಿತವು.
ಗಿಣಿಗೇರಿಯ ಪಟ್ಟಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಕೌಲ್ ಬಜಾರಿನ ಮನೆಯಲ್ಲಿ ನನ್ನ ಅಜ್ಜಿ
ಬಾಗಿಲಿಗೆ ಬಂದವರ ಹೆಸರು ಕೇಳುತ್ತಿರಲಿಲ್ಲ.
"ಯಾರ ಪೈಕಿ?"
ಇಂಥವರ ಮಗ.
"ಅವರು ಯಾರ ಪೈಕಿ?"
ಕುರುಗೋಡಿನ ಇಂಥವರ ತಮ್ಮ.
"ಅವರು?"
ಹೀಗೆ ಮೇಲೆ ಮೇಲೆ ಹತ್ತಿ
ತನಗೆ ಗೊತ್ತಿದ್ದ ಒಂದು ಹೆಸರು ಸಿಕ್ಕಮೇಲೆ
ಚಂಬಿನಲ್ಲಿ ನೀರು ಬರುತ್ತಿತ್ತು.
ಸಿಗದಿದ್ದರೂ ಬರುತ್ತಿತ್ತು,
ಹೊಸಿಲಿನ ಆಚೆಗೇ.
ಕೌಲು ಅಂದರೆ ಕೊಟ್ಟ ಮಾತು ಎಂದಿದ್ದಳು ಒಮ್ಮೆ,
ಬಜಾರಿಗೆ ಆ ಹೆಸರು ಯಾಕೆ ಬಂತೋ ಅವಳಿಗೂ ಗೊತ್ತಿರಲಿಲ್ಲ.

ಯಂತ್ರ ಕೇಳುವುದೂ ಅದನ್ನೇ.
ನಿನಗೆ ಸಹಿ ಹಾಕಿದವರು ಯಾರು, ಅವರಿಗೆ ಯಾರು,
ಬೇರಿನ ತನಕ.
ಬೇರಿಗೆ ಸಹಿ ಯಾರದು ಎಂದರೆ
ಬೇರಿನದೇ.
ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಾರೆ,
ಅಜ್ಜಿಯೂ.

ಗೇಟಿನಲ್ಲಿ ಏಳು ಲಾರಿ. ಮೈತುಂಬ ಪೆಲೆಟ್ಟು, ಕೈಯಲ್ಲಿ ಚೀಟಿಯಿಲ್ಲ.
ಡ್ರೈವರ್ ಹುಸೇನಪ್ಪ ಎರಡು ಸಲ ಬಂದು
ಗಾಜಿನಾಚೆ ನಿಂತು ನೋಡಿ ಹೋದ.

ಆರು ವರ್ಷದಲ್ಲಿ ಮೊದಲ ಸಲ ಮೌನೇಶನಿಗೆ ಫೋನು ಮಾಡಿದೆ.
ನಾನು ಅಂದುಕೊಂಡಿದ್ದಕ್ಕಿಂತ ಸಣ್ಣ ದನಿ.
"ನೀವು ಅವರೇ ಅಂತ ನಾ ಹೆಂಗ ನಂಬ್ಲಿ ಮೇಡಂ?"
ತಮಾಷೆಯಲ್ಲ, ನಿಯಮ.
ಪ್ರಮಾಣಪತ್ರದ ಬೆರಳಚ್ಚು ಓದಿ ಒಪ್ಪಿಸಬೇಕು,
ಅರವತ್ತನಾಲ್ಕು ಅಕ್ಷರ, ಎರಡೆರಡಾಗಿ.
ಓದುವ ದನಿಗೆ ಪ್ರಮಾಣ ಕೊಡುವವರು ಯಾರು?

ಸ್ವಲ್ಪ ಹೊತ್ತು ಬಿಟ್ಟು ಕೇಳಿದ:
"ಹ್ವಾದ ಶುಕ್ರವಾರ ನಾಕಕ್ಕ ನಾ ಏನ್ ಬರ್ದಿದ್ದೆ?"
ಬಜಿ ಆರಾಕತ್ತೈತಿ, ಲಾರಿ ಬಿಡ್ರಿ ತಾಯಿ, ಅಂತ.
"ಅದಕ್ಕ ನೀವು?"
ಮಂಡಕ್ಕಿ ನೆನೆಯೋದರೊಳಗೆ ಬಿಡ್ತೀನಿ, ಅಂತ.
ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.
"ಓದ್ರಿ."

ಎಂಟು, ಎ. ಮೂರು, ಎಫ್. ಸೊನ್ನೆ, ಒಂದು.
ಪ್ರತಿ ಜೋಡಿಗೂ ಹ್ಞೂಂ ಅಂದ,
ಕತೆ ಕೇಳುವ ಮಗುವಿನ ಹಾಗೆ.
ನಲವತ್ತನೆಯದರ ಹತ್ತಿರ ಅವನ ಬೆನ್ನಿಗೆ
ಗೂಡ್ಸು ಗಾಡಿ ಹಾಯತೊಡಗಿತು.
ಕಾದೆವು. ಕೊನೆಯ ಡಬ್ಬಿ ದಾಟುವ ತನಕ
ಅಲ್ಲೊಂದು ಇಲ್ಲೊಂದು ಬೆರಳು
ಒಂದೇ ಅಕ್ಷರದ ಮೇಲೆ.

ಕೊನೆಗೆ ಪಟ್ಟಿಯಲ್ಲಿ ನಮ್ಮೂರನ್ನು ನಮ್ಮೂರಿನಂತೆ ಬರೆದುಕೊಂಡ.
ಒಂದೂ ಮುಕ್ಕಾಲಿಗೆ ಚುಕ್ಕೆ ಹಸಿರಾಯಿತು.
ಮೌನೇಶ: ಏಳು ಲೋಡು. ಚೀಟಿ ಕಳಿಸಿದೆ.
ಅಷ್ಟೇ. ಆ ಅಕ್ಷರಗಳಲ್ಲಿ
ಈಗಷ್ಟೇ ಕೇಳಿದ ದನಿ ಎಲ್ಲೂ ಇರಲಿಲ್ಲ.

ಈ ಪತ್ರ ಹದಿಮೂರು ತಿಂಗಳು ಬದುಕುತ್ತದೆ.
ಕ್ಯಾಲೆಂಡರು ಅಲ್ಲಿಯ ತನಕ ಬರುವುದಿಲ್ಲ.
ತೀರುವ ದಿನವನ್ನು
ಅದರ ಕೆಳಗೆ, ಗೋಡೆಯ ಮೇಲೇ ಬರೆದೆ.