ಕತ್ತಲ ಪಕ್ಷದ ವ್ಯಾಪಾರ

ಚಂದ್ರನೆಂದರೆ ಅಪೊಂಡಿ ದೊಡ್ಡಮ್ಮನಿಗೆ ಆಗುತ್ತಿರಲಿಲ್ಲ.
ಹುಣ್ಣಿಮೆಯ ವಾರ ಓಮೆನಾ ಮೀನು ದೀಪಕ್ಕೆ ಬರುವುದಿಲ್ಲ,
ದೋಣಿಗಳು ಮರಳ ಮೇಲೆ ಬೋರಲು,
ಬಲೆಗೆ ತೇಪೆ, ಗಂಡಸರಿಗೆ ಕುಡಿತ,
ಅವಳ ನೀಲಿ ಡ್ರಮ್ಮಿನ ಮೇಲೆ ಕೋಳಿ ನಿದ್ದೆ.
"ಪುಕ್ಕಟೆ ಬೆಳಕು ಹಂಚುವವನ ಎದುರು
ಯಾರು ತಾನೇ ಅಂಗಡಿ ನಡೆಸಿಯಾರು?"

ಮ್ಫಂಗಾನೋ ದ್ವೀಪದ ದಡದಲ್ಲಿ ಅವಳದೊಂದು ತಗಡಿನ ಗೂಡು.
ಯಾವ ಸೀಮೆಯ ಎಣ್ಣೆಯೋ,
ಹಡಗಿಳಿದು, ಕೊಳವೆ ಹಾದು, ಲಾರಿ ಹತ್ತಿ,
ಕೊನೆಗೆ ಕುರಿ, ಸೋಪು, ಶಾಲೆಯ ಮೇಷ್ಟರ ಜೊತೆ
ದೋಣಿಯಲ್ಲಿ ಕೂತು ಬರುತ್ತಿತ್ತು.
ಕೈಪಂಪು ತಿರುಗಿಸಿದರೆ ಮೊದಲು ಕೆಮ್ಮು, ಆಮೇಲೆ ಧಾರೆ.
ಬೆರಳಿಗೆ ತಣ್ಣಗೆ.

ದೀಪದವರಿಗೆ ಲೀಟರಿನ ಡಬ್ಬ,
ಒಲೆಯವರಿಗೆ ಸೋಡಾ ಬಾಟಲಿ,
ಉಳಿದದ್ದಕ್ಕೆಲ್ಲ ಒಂದು ಸೌಟು:
ಮೇಜಿನ ಕಾಲಡಿಯ ಬಟ್ಟಲಿಗೆ, ಇರುವೆ ಹತ್ತದಂತೆ;
ಎಂಜಿನಿನ ತುಕ್ಕು ಹಿಡಿದ ಬೋಲ್ಟಿಗೆ
(ಒಂದು ರಾತ್ರಿ ನೆನೆದರೆ ಬೆಳಿಗ್ಗೆ ತಾನೇ ಮಾತಿಗೆ ಬರುತ್ತದೆ);
ಗಟ್ಟಿಯಾದ ಬಣ್ಣದ ಬ್ರಷ್ಷಿಗೆ.
ಮುದುಕ ಓಗುಟ ಮೊಣಕಾಲಿಗೆ ಹಚ್ಚುತ್ತೇನೆಂದು ಒಯ್ಯುತ್ತಿದ್ದ,
ದೊಡ್ಡಮ್ಮ ಬೈಯುತ್ತಲೇ ಸುರಿಯುತ್ತಿದ್ದಳು.

ಸೋಡಾ ಬಾಟಲಿಯ ಕತ್ತಿಗೆ ಕೆಂಪು ದಾರ ಕಟ್ಟದೆ
ಯಾರ ಕೈಗೂ ಕೊಡಳು.
ಯಾಕೆಂದು ಕೇಳಿದರೆ ಹೇಳಳು.
ಅವಳ ಮಂಚದ ಕೆಳಗೆ
ಒಂದು ಜೊತೆ ಪುಟ್ಟ ಚಪ್ಪಲಿ ಇದ್ದವು.

ಸಾಲದ ಲೆಕ್ಕ ತಗಡಿನ ಬಾಗಿಲ ಮೇಲೆ, ಇದ್ದಿಲ ಗೀಟು.
ಅಕ್ಷರ ಕಲಿತವಳು ನಾನು, ಹೆಸರು ಬರೆಯುತ್ತಿದ್ದೆ;
ಮಳೆಯ ಎರಚಲಿಗೆ ಅರ್ಧ ಊರು ಋಣಮುಕ್ತ.
ಮತ್ತೆ ಬರೆಸುತ್ತಿದ್ದಳು, ಬಾಯಿಪಾಠದಿಂದ.

ಒಂದು ಅಮಾವಾಸ್ಯೆ, ಗಾಳಿ ತಿರುಗಿತು.
ನೀರಿನ ಮೇಲೆ ಬೀದಿಯಿಲ್ಲದ ಊರು,
ಅದರಲ್ಲಿ ನಾಲ್ಕು ದೀಪ ಒಬಿಯೆರೋನವು,
ತೆಪ್ಪಗಳ ಮೇಲೆ ಸಾಲಾಗಿ ಕೂತಿದ್ದವು
ಹಗ್ಗ ಹರಿದುಕೊಂಡು
ಉಗಾಂಡದ ಕಡೆ ನಡೆದೇಬಿಟ್ಟವು.
ದೊಡ್ಡಮ್ಮ ದಡದಲ್ಲಿ ನಿಂತು ಬೆರಳು ಮಡಿಚಿದಳು:
"ಸಂಜೆ ಏಳಕ್ಕೆ ತುಂಬಿದವಳು ನಾನೇ.
ಮೂರನೆಯದರ ವಾಷರ್ ಸೋರುತ್ತದೆ, ಎರಡಕ್ಕೆ ಆರುತ್ತದೆ.
ಉಳಿದವು ನಾಲ್ಕರ ತನಕ."
ಎರಡಕ್ಕೆ ಮೂರನೆಯದು ಆರಿತು,
ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ.
ಎಣ್ಣೆಯ ಲೆಕ್ಕ ಸರಿ. ಮನುಷ್ಯನದು?
ಇದ್ದ ಬೆಳಕೆಲ್ಲ ತೆಪ್ಪದ ಮೇಲೆ;
ದೋಣಿಯಲ್ಲಿ ಅವನ ಬೆಂಕಿಪೊಟ್ಟಣವೂ ಒದ್ದೆಯಾಗಿರಬೇಕು.

ಹನಿ ಚೆಲ್ಲಿದರೆ ಚಿಂದಿಯಲ್ಲಿ ಒರೆಸಿ
ಆ ಚಿಂದಿಯಿಂದಲೇ ಒಲೆ ಹೊತ್ತಿಸುವವಳು
ಇಪ್ಪತ್ತು ಲೀಟರಿನ ಕ್ಯಾನು ಎಳೆದು ತಂದು
ಒಡೆದ ದೋಣಿಯ ಹಲಗೆಗಳ ಮೇಲೆ ಸುರಿದಳು.
ಸೌಟಿಲ್ಲ, ಡಬ್ಬವಿಲ್ಲ.
ಆ ಗುಳುಗುಳು ನನಗಿನ್ನೂ ಕೇಳುತ್ತದೆ.
"ಹಿಂದೆ ಸರಿ" ಎಂದು ಕಡ್ಡಿ ಗೀರಿದಳು.
ಬೆಂಕಿ ಹಲಗೆಗಳ ಮೇಲೆ ತೆವಳಿ, ಆಮೇಲೆ ಎದ್ದು ನಿಂತಿತು.
ದೊಡ್ಡಮ್ಮನ ಮುಖವನ್ನು
ಅಷ್ಟು ಬೆಳಕಲ್ಲಿ ನಾನು ನೋಡಿದ್ದು ಅದೊಂದೇ ಸಲ.
ನೋಡಬಾರದಿತ್ತು ಅನ್ನಿಸಿತು.

ಒಬಿಯೆರೋ ಬಂದದ್ದು ಮರುದಿನ ಮಧ್ಯಾಹ್ನ.
ಗಾಳಿ ಅವನನ್ನು ರೆಂಬಾ ದ್ವೀಪಕ್ಕೆ ತಳ್ಳಿತ್ತು,
ಯಾರದೋ ಗುಡಿಸಲಲ್ಲಿ ಗಂಜಿ ಕುಡಿದು ಮಲಗಿದ್ದನಂತೆ.
ಬೆಂಕಿಯನ್ನು ಅವನು ನೋಡಿರಲೇ ಇಲ್ಲ.
ಕರಿ ಮರಳನ್ನು ಕಾಲಲ್ಲಿ ಕೆದಕಿ ಕೇಳಿದ,
"ಇದೇನಿದು, ಯಾರ ಮನೆ ಸುಟ್ಟಿತು?"
"ಕಸ" ಎಂದಳು ದೊಡ್ಡಮ್ಮ.
"ನಿನ್ನದು ನಾಲ್ಕು ಲೀಟರ್ ಬಾಕಿ.
ದೀಪ ಹೋದರೇನು, ಎಣ್ಣೆ ಉರಿದಿದೆಯಲ್ಲ."

ಇಪ್ಪತ್ತು ಲೀಟರ್ ಯಾರ ಹೆಸರಿಗೆ?
ಇದ್ದಿಲು ಹಿಡಿದು ಬಾಗಿಲ ಮುಂದೆ ಕಾದೆ.
ಅವಳು ನನ್ನ ಕೈಯಿಂದ ಅದನ್ನು ತೆಗೆದು
ಒಲೆಗೆ ಹಾಕಿ
ಚಹಾಕ್ಕೆ ನೀರಿಟ್ಟಳು.
ಲೋಟದ ಅಂಚಿಗೂ ಅದೇ ವಾಸನೆ.
ಏನೂ ಹೇಳದೆ ಕುಡಿದೆ.