ಹತ್ತೊಂಬತ್ತು ಓಟು

ಹೋದ ಸಲ ಹತ್ತೊಂಬತ್ತು ಓಟಿಗೆ ಸೋತೆವು.
ಆ ರಾತ್ರಿ ಸಿಂಧನೂರಿನ ಗೊಬ್ಬರದಂಗಡಿ ಕಟ್ಟೆಗೆ
ಕೂತವರೆಲ್ಲ ನಾವು ನಾವೇ:
ನಾನು, ನನ್ನ ಷಡ್ಡಕ, ಅವನ ಅಳಿಯ, ಅಳಿಯನ ದೋಸ್ತ.
ಒಂದೇ ಓಣಿ, ಒಂದೇ ನಳ, ಒಂದೇ ಬೈಗುಳ.
‘ಮಂದಿ ಮೋಸ ಮಾಡಿದ್ರು’ ಅಂದ ಷಡ್ಡಕ.
‘ಯಾವ ಮಂದಿ? ಹೆಸರು ಹೇಳು’ ಅಂದೆ.
ಬೀಡಿ ಆರಿತು, ಹೆಸರು ಬರಲಿಲ್ಲ.

ಈ ಸಲ ನಿಂತವಳು ಅಮರಮ್ಮ,
ಇಪ್ಪತ್ತು ವರ್ಷ ನೆಲ್ಲು ನಾಟಿಗೆ ಗುಂಪು ಕಟ್ಟಿದವಳು.
‘ಬರೇ ನಮ್ಮ ಓಣ್ಯಾರನ್ನ ಕರಕೊಂಡ್ರ
ಗದ್ದಿ ಮುಗಿಯೂದಿಲ್ಲಣ್ಣ’ ಅಂದಳು,
ಕಾಲುವೆಗುಂಟ ನಡೆದೇ ಹೋದಳು.
ತಾಂಡಾದಿಂದ ಸೋಮ್ಲಿಬಾಯಿ ಬಂದಳು,
ಆಟೋಕ್ಕೆ ಮೈಕು ಕಟ್ಟಿಕೊಂಡು ಖಾಜಾಹುಸೇನ,
ಕೆಳಗೇರಿಯಿಂದ ದುರುಗಪ್ಪ,
ಆಂಧ್ರ ಕ್ಯಾಂಪಿನ ವೀರ್ರಾಜು ಬುಲೆಟ್ ಮೇಲೆ,
ಮೂರನೇ ಕ್ಯಾಂಪಿನ ಬಂಗಾಲಿ ಹುಡುಗಿ ಮಿನತಿ
ಸೈಕಲ್ಲಿನ ಹಿಂದೆ ಹೊಲಿಗೆಯ ಚೀಲ ಇಟ್ಟುಕೊಂಡೇ.

ಮೊದಲ ದಿನ ಚಹಾ ಬಂತು.
ಮಂದಿ ಹನ್ನೊಂದು, ಸ್ಟೀಲ್ ಲೋಟ ಐದು.
ದುರುಗಪ್ಪ ಯಾರೂ ಹೇಳದೆ
ಪೇಪರ್ ಕಪ್ಪಿಗೆ ಕೈ ಚಾಚಿದ.
ನಾನೂ ಏನೂ ಹೇಳಲಿಲ್ಲ,
ನನ್ನ ಲೋಟ ಬಿಸಿಯಿತ್ತು.
ಮರುದಿನ ಅಂಗಡಿಯಲ್ಲಿ ಸ್ಟೀಲ್ ಲೋಟವೇ ಇಲ್ಲ.
ಅಮರಮ್ಮ ಕಸ ಗುಡಿಸುತ್ತಿದ್ದಳು.
ನಾನು ಕೇಳಲಿಲ್ಲ.

ಒಗ್ಗಟ್ಟು ಅಂತ ತಿಳಿಯಬೇಡಿ.
ಮೈಕಿನಲ್ಲಿ ಮೊದಲು ಉರ್ದುವೋ ತೆಲುಗೋ ಎಂದು
ಎರಡು ತಾಸು ಜಗಳ.
ಐದನೇ ದಿನ ವೀರ್ರಾಜು ಆ ಕಡೆ ಹೋದ,
ಹೋಗುವಾಗ ಬಾವುಟದ ಕಟ್ಟನ್ನೂ ಒಯ್ದ.
ಸೋಮ್ಲಿಬಾಯಿ ನಕ್ಕಳು:
‘ಬುಲೆಟ್ ಸಪ್ಪಳ ಕಮ್ಮಿ ಆತು.
ಈಗ ಮಾತಾದ್ರೂ ಕೇಳಿಸ್ತಾವ.’

ಕರಪತ್ರಕ್ಕೊಂದು ಫೋಟೋ ಬೇಕಿತ್ತು.
ಬುದ್ಧಿವಂತ ನಾನು,
ಜಾತಿಗೊಂದು ಮುಖ ಸಾಲಾಗಿ ನಿಲ್ಲಿಸಿದೆ.
ಮಿನತಿ ಸಾಲು ಬಿಟ್ಟಳು.
‘ನನ್ನ ಮುಖ ಬ್ಯಾಡ ಕಾಕಾ, ಪಟ್ಟಿ ಕೊಡ್ರಿ.’

ಮತದಾರರ ಪಟ್ಟಿ, ಎಪ್ಪತ್ತು ಹಾಳೆ.
ರಾತ್ರಿ ಹನ್ನೊಂದರ ತನಕ ಓದಿದಳು,
ಬೆರಳಿಗೆ ದಾರದ ಗುರುತು,
ಬಾಯಲ್ಲಿ ಪೆನ್ನಿನ ಟೋಪಿ.
ಆಮೇಲೆ ಕೇಳಿದಳು,
‘ಈ ವಿಶ್ವಾಸ ಯಾರು?’

ಹೋದ ಸಲ ನಾವೇ ಹಂಚಿದ ಚೀಟಿ ಅದು.
ವಿಶ್ವಾಸ ಅಂತ ಕೂಗಿದ್ದೆವು ಕ್ಯಾಂಪಿನ ಬಾಗಿಲಲ್ಲಿ,
ಯಾರೂ ಬರಲಿಲ್ಲ.
ನಲವತ್ತೊಂದು ಹೆಸರಿನ ಮುಂದೆ
ಊರು ಬಿಟ್ಟಿದ್ದಾರೆ ಎಂದು ಗೀಟು ಎಳೆದವನು ನಾನೇ,
ಇದೇ ಕೆಂಪು ಪೆನ್ನಿನಿಂದ.
‘ಇದು ಬಿಸ್ವಾಸ್’ ಅಂದಳು ಮಿನತಿ.
‘ನಮ್ಮಪ್ಪ. ಆ ದಿನ ಮನ್ಯಾಗೇ ಇದ್ದ.
ನೀವು ಬ್ಯಾರೆ ಯಾರನ್ನೋ ಕರಿಯಾಕತ್ತೀರಿ ಅಂತ
ಬಲೆ ಹೊಲೀತಾ ಕೂತ.’

ಇಡೀ ಊರಿನಲ್ಲಿ ನಾನು ಹುಡುಕಿದ್ದು ವಿಶ್ವಾಸ.
ಕದ ತೆರೆದೇ ಇತ್ತು,
ನಾಲಿಗೆ ತಿರುಗಲಿಲ್ಲ.

ನಾಳೆ ಎಣಿಕೆ.
ಷಡ್ಡಕ ಫೋನ್ ಮಾಡಿ ಕೇಳಿದ, ‘ಹೆಂಗೈತಿ?’
ಗೊತ್ತಿಲ್ಲ ಅಂದೆ.
ಕತ್ತಲಲ್ಲಿ ಕಟ್ಟೆಗೆ ಕೂತು ಹೆಸರು ಎಣಿಸುತ್ತಿದ್ದೇನೆ:
ಸೋಮ್ಲಿ, ಖಾಜಾಹುಸೇನ, ದುರುಗಪ್ಪ,
ಬಿಸ್ವಾಸ್, ಆಮೇಲೆ ಮಂಡಲ...

‘ಮೊಂಡೊಲ್’ ಎನ್ನುತ್ತಾಳೆ ಮಿನತಿ,
ಸೈಕಲ್ಲಿನ ಬೀಗ ತೆಗೆಯುತ್ತ.
‘ಇನ್ನೊಮ್ಮೆ ಅನ್ರಿ ಕಾಕಾ.’